ಕೂಗದ ದಿಬ್ಬ

ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ, ಕಡಲು ನೆಲದೊಳಕ್ಕೆ ನುಗ್ಗಿ ಮಾಡಿಕೊಂಡಿರುವ ಒಂದು ಕೊಲ್ಲಿಯ ನಡುವೆ, ಆರ್ಡ್ರೋಯ್ ಎಂಬ ಪುಟ್ಟ ದ್ವೀಪವಿದೆ. ದ್ವೀಪದ ಹೆಸರೇ ಊರಿನ ಹೆಸರು. ಒಂದು ಕಾಲಕ್ಕೆ ನಲವತ್ತು ಒಲೆ ಉರಿಯುತ್ತಿದ್ದ ಊರಿನಲ್ಲಿ ಈಗ ಉರಿಯುವುದು ಹನ್ನೊಂದೇ. ಬಿಳಿ ಬಣ್ಣದ ಚರ್ಚು, ಬಾಗಿಲು ಹಾಕಿದ ಶಾಲೆ, ಮೀನಿನ ಬಲೆ ಒಣಗಹಾಕುವ ಕಟ್ಟೆ, ಕುರಿಗಳು ಮೇಯುವ ಗೋರಿಗಳ ಬಯಲು, ಇಷ್ಟನ್ನು ನೋಡಿದರೆ ಊರು ನೋಡಿದಂತೆಯೇ. ಬಡಗಣ ತುದಿಯಲ್ಲಿ ಕೆಮ್ಮಣ್ಣಿನ ಒಂದು ದಿಬ್ಬ ನೀರಿನೊಳಕ್ಕೆ ಚಾಚಿಕೊಂಡಿದೆ. ಅದರ ಎದುರಿಗೆ, ಮುಕ್ಕಾಲು ಮೈಲಿ ನೀರಿನಾಚೆ, ದೊಡ್ಡ ನೆಲದ ದಡ. ಈ ದಿಬ್ಬಕ್ಕೆ ಊರವರು ತಮ್ಮ ಹಳೆಯ ಗೇಲಿಕ್ ಮಾತಿನಲ್ಲಿ ಹೇಳುವ ಹೆಸರನ್ನು ಕನ್ನಡಕ್ಕೆ ತಂದರೆ 'ಕೂಗದ ದಿಬ್ಬ' ಎಂದಾಗುತ್ತದೆ. ಅಲ್ಲಿ ನಿಂತು ಯಾರೂ ಕೂಗುವುದಿಲ್ಲ. ಬೇಸಿಗೆಯಲ್ಲಿ ಬರುವ ಪ್ರವಾಸಿಗರು ದೋಣಿಯಲ್ಲಿರುವ ತಮ್ಮವರನ್ನು ಗಂಟಲು ಹರಿಯುವಂತೆ ಕರೆಯಲು ಹೊರಟರೆ, ಯಾವಳೋ ಮುದುಕಿ ಬಂದು ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸುತ್ತಾಳೆ. ಹಕ್ಕಿಗಳು ಗೂಡು ಕಟ್ಟುವ ಜಾಗವಿರಬೇಕು, ಅದಕ್ಕೇ ಸದ್ದು ಮಾಡಬಾರದು ಎಂದುಕೊಂಡು ಬಂದವರು ಸುಮ್ಮನಾಗುತ್ತಾರೆ. ಪಕ್ಕದ ಪಟ್ಟಣದ ಮಹಾಶಯನೊಬ್ಬ, ಅಲ್ಲಿ ಕೂಗಿದರೆ ಪ್ರತಿಧ್ವನಿ ಬರುವುದಿಲ್ಲ, ಹೆಸರು ಅದಕ್ಕೇ ಬಂದದ್ದು ಎಂದು ಬರೆದೂ ಬಿಟ್ಟಿದ್ದಾನೆ. ಶುದ್ಧ ಬುರುಡೆ. ಕೂಗಿದರೆ ಅಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಕಥೆ ಇರುವುದೇ ಅದರಲ್ಲಿ.

ಕಥೆಗೆ ಮೊದಲು ಆ ಊರಿನ ದಾರಿಯ ಸಂಗತಿ ತಿಳಿದಿರಬೇಕು. ಬೇಸಿಗೆಯಲ್ಲಿ ದೋಣಿ ಇದ್ದೇ ಇದೆ. ಚಳಿಗಾಲದಲ್ಲಿ ಕೊಲ್ಲಿಯ ನೀರು ಹೆಪ್ಪುಗಟ್ಟಿ ಅದರ ಮೇಲೆ ಕುದುರೆಗಾಡಿಯೇ ಓಡಾಡುತ್ತದೆ. ಆದರೆ ಮಂಜುಗಡ್ಡೆ ಎಲ್ಲ ಕಡೆ ಒಂದೇ ಗಟ್ಟಿಯಿರುವುದಿಲ್ಲ. ಒಳಗೆ ಸೆಳೆತವಿರುವ ಕಡೆ ತೆಳುವಾಗಿರುತ್ತದೆ. ಅದಕ್ಕೆಂದು ಊರಿನಲ್ಲಿ ಒಂದು ಮನೆತನದವರು, ಕೊಡಲಿಯಿಂದ ಕುಟ್ಟಿ ನೋಡುತ್ತ ನೋಡುತ್ತ, ಗಟ್ಟಿಯಿರುವ ಕಡೆಯಲ್ಲೇ ನಲವತ್ತು ಹೆಜ್ಜೆಗೊಂದರಂತೆ ಸ್ಪ್ರೂಸ್ ಮರದ ಎಳೆಯ ಸಸಿಗಳನ್ನು ಕಡಿದು ತಂದು ನೆಡುತ್ತಿದ್ದರು. ಈ ದಡದಿಂದ ಆ ದಡಕ್ಕೆ ನಲವತ್ತು ಸಸಿ. ಬಿಳಿಯ ಬಯಲಿನಲ್ಲಿ ಆ ಹಸಿರು ಸಾಲೇ ದಾರಿ. ಚಳಿಗಾಲ ಮುಗಿಯುತ್ತ ಬಂದಾಗ ಗಡ್ಡೆ ಕೆಟ್ಟಿತೆಂದು ಕಂಡ ದಿನ ನೆಟ್ಟವನೇ ಹೋಗಿ, ಆಚೆ ದಡದಿಂದ ಒಂದೊಂದೇ ಸಸಿ ಕೀಳುತ್ತ ಮನೆಗೆ ಬಂದು ದಿಬ್ಬದ ಮೇಲೆ ರಾಶಿ ಹಾಕುತ್ತಿದ್ದ. ಸಸಿ ಕಿತ್ತ ಮೇಲೆ ದಾರಿಯಿಲ್ಲ. ಗಡ್ಡೆಯೆಲ್ಲ ಒಡೆದು ಕಡಲಿಗೆ ಹೋಗಿ ದೋಣಿ ಇಳಿಯುವವರೆಗೆ, ಹದಿನೈದು ದಿನವೋ ಒಂದು ತಿಂಗಳೋ, ಊರು ಹೊರಗಿನ ಸಂಪರ್ಕವಿಲ್ಲದೆ ತನ್ನಷ್ಟಕ್ಕೇ ಇರಬೇಕು. ಈ ದಿನಗಳನ್ನು ಅವರು 'ಮುಚ್ಚಿದ ದಿನಗಳು' ಎನ್ನುತ್ತಾರೆ. ಅದಕ್ಕೆ ಮೊದಲೇ ಹಿಟ್ಟು, ಚಹಾ, ಉಪ್ಪು ತಂದಿಟ್ಟುಕೊಳ್ಳುವುದು, ಬಸುರಿಯರಿದ್ದರೆ ಸೂಲಗಿತ್ತಿಯನ್ನು ಕರೆತಂದು ಕೂರಿಸಿಕೊಳ್ಳುವುದು ರೂಢಿ. ಆ ದಿನಗಳಲ್ಲಿ ಹೆಂಗಸರು ಗಂಡಸರು ಒಂದೇ ಮೇಜಿನ ಸುತ್ತ ಕುಳಿತು, ಹೊಸದಾಗಿ ನೆಯ್ದ ಉಣ್ಣೆಯ ಬಟ್ಟೆಯನ್ನು ನೆನೆಸಿ ಬಡಿದು ಹದ ಮಾಡುತ್ತ, ಬಡಿತಕ್ಕೆ ಸರಿಯಾಗಿ ಹಾಡು ಹೇಳುತ್ತಿದ್ದರು. ಕೇಳುವವರಿಗೆ ಚಂದ. ಮೂರನೆಯ ವಾರಕ್ಕೆ ಅದೇ ಹಾಡು, ಅದೇ ಮುಖ, ಅದೇ ನಾಲ್ಕು ಗೋಡೆ ಎಂದು ತಲೆ ಚಿಟ್ಟುಹಿಡಿಯುವುದೂ ಅಷ್ಟೇ ನಿಜ.

ಹಿಂದೆ ಒಮ್ಮೆ, ಈಗಿನ ಮುದುಕಿಯರ ಮುತ್ತಜ್ಜಿಯರು ಎಳೆಯ ಹೆಂಗಸರಾಗಿದ್ದ ಕಾಲದಲ್ಲಿ, ಸಸಿ ನೆಡುವ ಕೆಲಸ ಲಾಕ್ಲನ್ ಎಂಬ ಮುದುಕನದಾಗಿತ್ತು. ಮನೆ ದಿಬ್ಬದ ಬುಡದಲ್ಲೇ ಇತ್ತು. ಹೆಂಡತಿ ತೀರಿಕೊಂಡಿದ್ದಳು. ಮಗ ರೋರಿ ಚಳಿಗಾಲವೆಲ್ಲ ದೂರದ ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿದ್ದವರು ಮುದುಕ, ಸೊಸೆ ಮೋರಾಗ್, ನಾಲ್ಕು ವರ್ಷದ ಮೊಮ್ಮಗಳು ಊನಾ. ಲಾಕ್ಲನ್‌ಗೆ ಮೂವತ್ತೊಂದು ಚಳಿಗಾಲದ ಅನುಭವ. ಅವನು ಹಾಕಿದ ದಾರಿಯಲ್ಲಿ ಒಂದು ನಾಯಿಯೂ ಮುಳುಗಿರಲಿಲ್ಲ. ಅವನ ಅಪ್ಪನ ಕಾಲದಲ್ಲಿ ಹಾಗಿರಲಿಲ್ಲ; ಸಸಿ ಕಿತ್ತ ಮೇಲೂ, ಇನ್ನೊಂದು ದಿನ ತಡೆದೀತು ಎಂದು ಹೊರಟ ಅಣ್ಣತಮ್ಮಂದಿರು ಮೂವರು ಕುದುರೆಯ ಸಮೇತ ಒಳಗೆ ಹೋಗಿದ್ದರು. ಆಗಿನಿಂದ, ಕಿತ್ತ ಸಸಿಯನ್ನು ಮತ್ತೆ ನೆಡಬಾರದು ಎಂಬ ಕಟ್ಟಳೆ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬಂತೆ, ಲಾಕ್ಲನ್ ಒಮ್ಮೆ ಕಿತ್ತನೆಂದರೆ ಪಾದ್ರಿಯ ಮಾತಿಗೂ ಮತ್ತೆ ನೆಡುವವನಲ್ಲ. ಊರವರೂ ಅಷ್ಟೇ. ಕಣ್ಣೆದುರಿಗೆ ಗಡ್ಡೆ ಬಂಡೆಯಂತೆ ಕಂಡರೂ ಸಸಿಯಿಲ್ಲದಿದ್ದರೆ ಕಾಲಿಡುತ್ತಿರಲಿಲ್ಲ. ಅವರು ನಂಬಿದ್ದು ಗಡ್ಡೆಯನ್ನಲ್ಲ, ಸಸಿಯನ್ನು.

ಆ ವರ್ಷ ಒಂದು ಸೋಮವಾರ ಲಾಕ್ಲನ್ ಸಸಿ ಕಿತ್ತ. ಸೆಳೆತದ ಮೇಲೆ ಕೊಡಲಿ ಒಂದೇ ಏಟಿಗೆ ಹಿಡಿಯವರೆಗೆ ಇಳಿದಿತ್ತು. ಬುಧವಾರ ನೆರೆಮನೆಯ ಎಲ್ಸ್ಪೆತ್ ಎಂಬವಳ ಮಗ ಕ್ಯಾಲಮ್‌ಗೆ ಜ್ವರ ಬಂತು. ಗುರುವಾರದ ಹೊತ್ತಿಗೆ ಗಂಟಲೊಳಗೆ ಬೂದು ಬಣ್ಣದ ಪೊರೆ. ಗಂಟಲುಮಾರಿ. ಮನೆಮನೆಗೂ ಗೊತ್ತಿದ್ದ ಕಾಯಿಲೆ. ಆಚೆ ದಡದ ವೈದ್ಯರ ಬಳಿ ಅದಕ್ಕೆ ಹೊಸದಾಗಿ ಸೂಜಿಮದ್ದು ಬಂದಿದೆ ಎನ್ನುವುದೂ ಗೊತ್ತಿತ್ತು. ಎಲ್ಸ್ಪೆತ್ ಬಂದು ಲಾಕ್ಲನ್‌ನ ಕಾಲ ಬಳಿ ಕುಳಿತು, ದಾರಿ ತೋರಿಸು, ನಾನೇ ಹೋಗುತ್ತೇನೆ ಎಂದು ಅತ್ತಳು. ಅವನು ಆಗುವುದಿಲ್ಲ ಎಂದ. ನಿನ್ನ ಮಗನ ಜೊತೆ ನಿನ್ನನ್ನೂ ಹೂಳಲು ನನಗೆ ಮನಸ್ಸಿಲ್ಲ ಎಂದು ಸಮಾಧಾನದ ದನಿಯಲ್ಲಿಯೇ ಹೇಳಿದ. ಶುಕ್ರವಾರ ಕ್ಯಾಲಮ್ ತೀರಿಕೊಂಡ. ಆರು ವರ್ಷದ ಹುಡುಗ. ವಿಚಿತ್ರವೆಂದರೆ ಗುರುವಾರ ಸಂಜೆಯೇ ಗಾಳಿ ತಿರುಗಿ ಮತ್ತೆ ಕೊರೆಯುವ ಚಳಿ ಬಿದ್ದಿತ್ತು. ಗಡ್ಡೆಯ ಮೇಲೆ ನಿಂತಿದ್ದ ನೀರೆಲ್ಲ ಹೆಪ್ಪುಗಟ್ಟಿ, ಕೊಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕುದುರೆ ಹೋಗಬಹುದಲ್ಲ ಎಂದು ಜನ ಪಿಸುಗುಟ್ಟಿದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಮುದುಕ ಎಂದೂ ಯಾರೋ ಅಂದರು. ಹಾಗಂದವರೂ ಗಡ್ಡೆಗೆ ಕಾಲಿಡಲಿಲ್ಲವೆನ್ನಿ. ಕೆಟ್ಟ ಗಡ್ಡೆಯ ಮೇಲೆ ಹೊಸ ಗಡ್ಡೆ ಕಟ್ಟಿದರೆ ಅದರಷ್ಟು ಮೋಸ ಇನ್ನೊಂದಿಲ್ಲವೆಂದು ಲಾಕ್ಲನ್‌ಗೆ ಗೊತ್ತಿತ್ತು. ಮೇಲೆ ನಾಲ್ಕು ಬೆರಳು ಗಟ್ಟಿ, ಕೆಳಗೆಲ್ಲ ಮೇಣದಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಸಡಿಲ.

ಶನಿವಾರ ಊನಾಳ ಮೈ ಬಿಸಿಯಾಯಿತು. ಭಾನುವಾರದ ಹೊತ್ತಿಗೆ ಊರಿನಲ್ಲಿ ಏಳು ಮಕ್ಕಳು ಮಲಗಿದ್ದರು. ಎಲ್ಸ್ಪೆತ್‌ಗೆ ಉಳಿದಿದ್ದ ಒಬ್ಬಳೇ ಮಗಳು, ಐದು ವರ್ಷದ ಪೆಗಿಯೂ ಅವರಲ್ಲೊಬ್ಬಳು. ಈಗ ನೋಡಿ ಮುದುಕನ ಪಾಡು. ಅತ್ತ ದರಿ, ಇತ್ತ ಪುಲಿ. ಮೊಮ್ಮಗಳಿಗಾಗಿ ಸಸಿ ನೆಟ್ಟನೆಂದರೆ, ಗುರುವಾರ ಎಲ್ಸ್ಪೆತ್‌ಗೆ ಇಲ್ಲದ ದಾರಿ ಇಂದು ಎಲ್ಲಿಂದ ಬಂತು ಎಂದು ಇಡೀ ಊರು ಕೇಳುತ್ತದೆ. ನೆಡದಿದ್ದರೆ ಮಗು ಹೋಗುತ್ತದೆ. ನೆಟ್ಟರೂ, ಹೋದವರು ದಾಟುವುದು ಖಾತ್ರಿಯಿಲ್ಲ. ಚರ್ಚಿನಲ್ಲಿ ಅಂದು ಯಾರೂ ಅವನ ಪಕ್ಕದ ಬೆಂಚಿನಲ್ಲಿ ಕೂರಲಿಲ್ಲ. ಅವನು ಮನೆಗೆ ಬಂದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ತಾನೇ ಮೂವತ್ತೊಂದು ವರ್ಷ ದಾರಿ ತೆಗೆದ ಆ ಬಯಲನ್ನು ನೋಡುತ್ತ ಕುಳಿತ. ತನ್ನ ಮಾತೇ ತನಗೆ ಬೇಲಿಯಾಯಿತಲ್ಲ ಎಂದು ಅವನಿಗೆ ಆ ದಿನ ಅನ್ನಿಸಿತಂತೆ. ಬುದ್ಧಿ ಹೇಳುವವರಿಗೇನು, ಹೇಗೆ ಬೇಕಾದರೂ ಹೇಳಬಹುದು. ಆ ಕುರ್ಚಿಯಲ್ಲಿ ಕುಳಿತವನಿಗೆ ಗೊತ್ತು.

ಸೋಮವಾರ ಬೆಳಗಾಗುತ್ತಲೇ ಮೋರಾಗ್ ಉಣ್ಣೆಯ ಶಾಲು ಬಿಗಿದುಕೊಂಡು, ಕೊಡಲಿ ತೆಗೆದು ಬಾಗಿಲಿಗೆ ಒರಗಿಸಿದಳು. ಅವಳು ಆಚೆ ದಡದಿಂದ ಮದುವೆಯಾಗಿ ಬಂದವಳು. ಮುಚ್ಚಿದ ದಿನಗಳಲ್ಲಿ ಮೊದಲ ವರ್ಷ ಉಸಿರು ಕಟ್ಟುತ್ತದೆಂದು ಕಿಟಕಿ ತೆರೆದಿಟ್ಟುಕೊಂಡೇ ಮಲಗುತ್ತಿದ್ದಳು, ಆಮೇಲೆ ಒಗ್ಗಿಕೊಂಡಳು ಎನ್ನುತ್ತಾರೆ. ಮಾವನಿಗೆ ಎದುರು ಮಾತಾಡಿದವಳಲ್ಲ. ಲಾಕ್ಲನ್ ಕುರ್ಚಿಯಿಂದ ಏಳುವಷ್ಟರಲ್ಲಿ ಅವಳು ಕಂಬಳಿಯಲ್ಲಿ ಸುತ್ತಿದ ಮಗುವನ್ನು ತಂದು ಅವನ ಮಡಿಲಿಗೆ ಹಾಕಿದಳು.

"ನೀವು ಎಲ್ಸ್ಪೆತ್‌ಗೆ ಆಗುವುದಿಲ್ಲವೆಂದಿರಿ ಮಾವ. ನಿಮ್ಮ ಮಾತು ನಿಮಗಿರಲಿ. ನಾನು ನಿಮ್ಮನ್ನು ಕೇಳುತ್ತಿಲ್ಲ. ಇವಳನ್ನು ಹಿಡಿದುಕೊಳ್ಳಿ."

ಎರಡು ಕೈಯಲ್ಲೂ ಮಗುವಿರುವಾಗ ಅವನು ಅವಳನ್ನು ತಡೆಯುವುದು ಹೇಗೆ? ಕೂತಲ್ಲಿಂದಲೇ ಅವನು ಹೇಳಿದ್ದು ಇಷ್ಟು: ಸೆಳೆತದ ಮೇಲೆ ನೇರ ಹೋಗಬೇಡ, ಎಡಕ್ಕೆ ಸುತ್ತಿಕೊಂಡು ಹೋಗು, ಕೊಡಲಿ ಎರಡನೇ ಏಟಿಗೆ ಇಳಿದರೆ ಹಿಂದೆ ಬಾ. ಅವಳು ಹೂಂ ಅಂದಳು. ದಿಬ್ಬದ ಮೇಲಿನ ರಾಶಿಯಿಂದ ಸಸಿಗಳನ್ನು ಎಳೆದು ಜಾರುಬಂಡಿಗೆ ಹೇರಿಕೊಂಡು ಗಡ್ಡೆಗೆ ಇಳಿದಳು. ಕುಟ್ಟುವುದು, ಹೆಜ್ಜೆ ಎಣಿಸುವುದು, ಕುಳಿ ತೋಡಿ ಸಸಿ ನಿಲ್ಲಿಸುವುದು, ಮತ್ತೆ ಕುಟ್ಟುವುದು. ಊರಿನ ಜನ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಸಸಿ ಕಿತ್ತ ಮೇಲೆ ಮತ್ತೆ ನೆಟ್ಟದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಲಾಕ್ಲನ್ ಕಿಟಕಿಯಿಂದ ಎಣಿಸುತ್ತಿದ್ದ. ಐದಾಯಿತು, ಆರಾಯಿತು. ಮಡಿಲಲ್ಲಿ ಮಗುವಿನ ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ಎಂಟನೆಯ ಸಸಿಯ ಹೊತ್ತಿಗೆ ಅದು ನಿಂತು ನಿಂತು ಬರತೊಡಗಿತು. ಒಂಬತ್ತನೆಯ ಸಸಿ ನೆಟ್ಟು ಮೋರಾಗ್ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದಾಗ ಪೂರ್ತಿ ನಿಂತುಹೋಯಿತು. ಅವನು ಮಗುವಿನ ಎದೆಗೆ ಕಿವಿಯಿಟ್ಟ, ಕೈ ತಿಕ್ಕಿದ, ಹೆಸರು ಹಿಡಿದು ಕರೆದ. ಆಮೇಲೆ ಕಂಬಳಿಯ ಸಮೇತ ಅವಳನ್ನು ಎದೆಗೆ ಒತ್ತಿಕೊಂಡು ಓಡುತ್ತ ದಿಬ್ಬ ಹತ್ತಿದ.

ಮೋರಾಗ್ ಇನ್ನೂ ಹತ್ತಿರದಲ್ಲೇ ಇದ್ದಳು, ಬೆನ್ನು ಈ ಕಡೆಗಿತ್ತು. ಗಾಳಿಯಿರಲಿಲ್ಲ. ಅಂಥ ಬೆಳಗಿನಲ್ಲಿ ಗಡ್ಡೆಯ ಮೇಲೆ ಕೆಮ್ಮಿದರೂ ಅರ್ಧ ಮೈಲಿ ಕೇಳಿಸುತ್ತದೆ. ಅವನು ಕೂಗಲು ಬಾಯಿ ತೆರೆದ. ಮಗು ಹೋದ ಮೇಲೆ ತಾಯಿಯೂ ಯಾಕೆ ಹೋಗಬೇಕು, ಅವಳಾದರೂ ಉಳಿಯಲಿ ಎನ್ನುವುದೊಂದೇ ಅವನ ತಲೆಯಲ್ಲಿ ಇದ್ದದ್ದು. ಆಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಎಲ್ಸ್ಪೆತ್. ಅವಳು ಕಂಬಳಿಯೊಳಗಿನ ಮುಖ ನೋಡಿದಳು, ಅವನ ತೆರೆದ ಬಾಯಿ ನೋಡಿದಳು, ಗಡ್ಡೆಯ ಮೇಲೆ ಹೋಗುತ್ತಿದ್ದವಳನ್ನು ನೋಡಿದಳು. ಅವಳ ಪೆಗಿ ಹಿಂದಿನ ರಾತ್ರಿಯಿಂದ ನೀರನ್ನೂ ನುಂಗುತ್ತಿರಲಿಲ್ಲ. ಕೂಗಬೇಡ ಎಂದು ಅವಳು ಹೇಳಲಿಲ್ಲ. ಹಾಗೆ ಕೇಳುವ ಹಕ್ಕು ಯಾವ ತಾಯಿಗಿದೆ? "ಎಷ್ಟು ಸಸಿ ಆಯಿತು?" ಎಂದಷ್ಟೇ ಕೇಳಿದಳು.

"ಒಂಬತ್ತು," ಎಂದ ಲಾಕ್ಲನ್.

ಅವನು ಬಾಯಿ ಮುಚ್ಚಿದ. ಅಲ್ಲಿ ಮೋರಾಗ್ ಹತ್ತನೆಯ ಸಸಿ ನೆಟ್ಟಳು, ಹನ್ನೊಂದನೆಯದನ್ನು ನೆಟ್ಟಳು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಇಬ್ಬರೂ ಅಲ್ಲೇ, ಸತ್ತ ಮಗುವನ್ನು ಹಿಡಿದುಕೊಂಡು, ಅವಳು ಸಣ್ಣ ಚುಕ್ಕೆಯಾಗುವವರೆಗೆ ನಿಂತಿದ್ದರು. ಕರೆದರೂ ಕೇಳಿಸದಷ್ಟು ದೂರ ಹೋದ ಮೇಲೆ ಮುದುಕ ಅಲ್ಲೇ ನೆಲದ ಮೇಲೆ ಕುಳಿತ. ಎಲ್ಸ್ಪೆತ್ ಅವನ ಕೈಯಿಂದ ಮಗುವನ್ನು ಇಳಿಸಿಕೊಂಡಳು.

ಮೂವತ್ತೆಂಟು ಸಸಿ ನೆಟ್ಟ ಮೇಲೆ, ಇನ್ನೇನು ದಡ ಎನ್ನುವಾಗ ಮೋರಾಗ್ ಸೊಂಟದವರೆಗೆ ಒಳಗೆ ಹೋದಳು. ಆಚೆ ದಡದವರು ಏಣಿ ಚಾಚಿ ಎಳೆದುಕೊಂಡರು. ಅವಳ ಪಾದಗಳು ಮರಗಟ್ಟಿ ಹೋಗಿದ್ದವು, ನಡೆಯುವ ಮಾತೇ ಇರಲಿಲ್ಲ. ವೈದ್ಯರು ಗಟ್ಟಿ ಮನುಷ್ಯ. ಅದೇ ಏಣಿಯ ಮೇಲೆ ದಾಟಿ, ಚೀಲ ಹೆಗಲಿಗೇರಿಸಿ, ಅವಳ ಸಸಿಗಳನ್ನೇ ಹಿಡಿದು ಮಧ್ಯಾಹ್ನದ ಹೊತ್ತಿಗೆ ಆರ್ಡ್ರೋಯ್ ತಲುಪಿದರು. ಸೂಜಿಮದ್ದು ಕೊಟ್ಟು, ಉಳಿದಿದ್ದ ಆರು ಮಕ್ಕಳನ್ನೂ ಬದುಕಿಸಿದರು. ಮರುದಿನ ಮಧ್ಯಾಹ್ನ ಕೊಲ್ಲಿಯ ನಡುವೆ ಗುಡುಗಿನಂಥ ಸದ್ದಾಯಿತು. ಗಡ್ಡೆ ಒಡೆದು, ಮೋರಾಗ್ ನೆಟ್ಟ ಸಸಿಗಳನ್ನು ನಿಲ್ಲಿಸಿಕೊಂಡೇ ಹೋಳುಹೋಳಾಗಿ ಕಡಲ ಕಡೆ ತೇಲಿಹೋಯಿತು. ಮುದುಕ ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ದಿನದ ಅಂತರ, ಅಷ್ಟೇ. ಗೆದ್ದವರು ಯಾರು, ಸೋತವರು ಯಾರು ಎಂದು ಊರವರು ಇಂದಿಗೂ ವಾದ ಮಾಡುತ್ತಾರೆ. ಮಾಡಲಿ, ಚಳಿಗಾಲ ಕಳೆಯಬೇಕಲ್ಲ.

ಈಗ ವೈದ್ಯರು ಇಲ್ಲಿ ಸಿಕ್ಕಿಬಿದ್ದರು, ಮೋರಾಗ್ ಅಲ್ಲಿ. ನಡುವೆ ತೇಲುವ ಗಡ್ಡೆಗಳ ರಾಶಿ, ದೋಣಿಗೂ ಇಲ್ಲ, ಕಾಲಿಗೂ ಇಲ್ಲ. ಊನಾಳನ್ನು ಊರವರು ಹೂತರು. ನಾಲ್ಕನೆಯ ದಿನ ಆಚೆ ದಡದಲ್ಲಿ ಮೋರಾಗ್ ಕಾಣಿಸಿಕೊಂಡಳು. ಯಾರೋ ಕುರ್ಚಿ ತಂದು ಹಾಕಿದ್ದರು. ಬೆಳಗಿನಿಂದ ಕತ್ತಲಾಗುವವರೆಗೆ ಕೂತಳು. ಮರುದಿನವೂ. ಅದರ ಮರುದಿನ ಅವಳು ಎದ್ದು, ಕೋಲೂರಿಕೊಂಡು ಗಡ್ಡೆಯ ತುಂಡುಗಳ ಮೇಲೆ ಕಾಲಿಡಲು ಹೋದಾಗ ಜನ ಹಿಡಿದು ಎಳೆದದ್ದು ಈ ದಡಕ್ಕೂ ಕಂಡಿತು. ಲಾಕ್ಲನ್ ಅನ್ನ ನೀರು ಬಿಟ್ಟ. ಏಳನೆಯ ಬೆಳಿಗ್ಗೆ ಎಲ್ಸ್ಪೆತ್ ಅವನ ಬಾಗಿಲಿಗೆ ಬಂದಳು. ಪೆಗಿಯನ್ನು ಕರೆದುಕೊಂಡು ಬಂದಿದ್ದಳು. ಊನಾಳ ಕೆಂಪು ಶಾಲು ಕೊಡು, ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಿಬ್ಬದ ಮೇಲೆ ನಿಲ್ಲು ಎಂದಳು. ಅವನು ಅವಳ ಮಗನಿಗೆ ದಾರಿಯಿಲ್ಲವೆಂದವನು. ಆ ತಾಯಿ ತನ್ನ ಉಳಿದ ಮಗಳನ್ನು ತಂದು ಅವನ ಹೆಗಲಿಗೆ ಏರಿಸಿದಳು. ವೈದ್ಯರು ಗದರಿದರು, ಹತ್ತೇ ನಿಮಿಷ ಎಂದರು. ಆಚೆ ದಡದಲ್ಲಿ ಮೋರಾಗ್ ಎದ್ದು ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈಯೆತ್ತಿ ಬೀಸಿದಳು.

ಅಂದಿನಿಂದ ದಿನವೂ ಅದೇ. ಮೋರಾಗ್ ಮತ್ತೆ ಗಡ್ಡೆಯ ಕಡೆಗೆ ಹೋಗಲಿಲ್ಲ. ದಿನಕ್ಕೊಮ್ಮೆ ಬಂದು, ಕೈ ಬೀಸಿ, ಮನೆಗೆ ತಿರುಗುತ್ತಿದ್ದಳು. ಬೆಳಿಗ್ಗೆ ಶಾಲು ಹೊದಿಸುವಾಗ ಪೆಗಿ, "ತಾತ, ಇವತ್ತೂ ನಾನೇ ಊನಾನಾ?" ಎಂದು ಕೇಳುತ್ತಿದ್ದಳು. ಹೌದು ಕಂದ, ಇವತ್ತೂ ನೀನೇ ಎಂದು ಅವನು ಹೇಳಬೇಕಾಗಿತ್ತು. ಹನ್ನೆರಡು ದಿನ ಹೇಳಿದ. ಮೋರಾಗ್ ಅಲ್ಲಿ ನೆಮ್ಮದಿಯಿಂದ ಉಣ್ಣುತ್ತಿದ್ದಾಳಲ್ಲ ಎಂದು ಒಮ್ಮೆ ಸಮಾಧಾನವಾಗುತ್ತಿತ್ತು, ದೋಣಿ ಇಳಿದ ದಿನ ಏನು ಹೇಳಲಿ ಎಂಬ ಚಿಂತೆ ಮರುಗಳಿಗೆಯಲ್ಲೇ ಹತ್ತುತ್ತಿತ್ತು. ಗಡ್ಡೆ ಬೇಗ ಹೋಗಲಿ ಎಂದು ಇಡೀ ಊರು ಪ್ರಾರ್ಥಿಸುತ್ತಿದ್ದಾಗ, ಅವನೊಬ್ಬ ಹೋಗದಿರಲಿ ಎಂದು ಬೇಡುತ್ತಿದ್ದನಂತೆ.

ಹತ್ತೊಂಬತ್ತನೆಯ ದಿನ ನೀರು ತೆರೆಯಿತು. ಮೊದಲ ದೋಣಿಯಲ್ಲೇ ಮೋರಾಗ್ ಬಂದಳು. ಮುಚ್ಚಿದ ದಿನಗಳು ಮುಗಿದಾಗ ದಡದಲ್ಲಿ ಓಟ್ಸ್ ರೊಟ್ಟಿ ಹಂಚಿ ಕುಣಿಯುವುದು ಆ ಊರಿನ ಪದ್ಧತಿ. ಅಂದು ಯಾರೂ ಒಲೆ ಹಚ್ಚಿರಲಿಲ್ಲ. ಅವಳು ಕೋಲೂರಿಕೊಂಡು ಇಳಿದು ನೇರ ದಿಬ್ಬ ಹತ್ತಿದಳು. ಅಲ್ಲಿ ಲಾಕ್ಲನ್ ಒಬ್ಬನೇ ನಿಂತಿದ್ದ, ಕೈಯಲ್ಲಿ ಮಡಿಸಿದ ಶಾಲಿತ್ತು. ಅವನಿಗಿಂತ ಮೊದಲು ಅವಳೇ ಹೇಳಿದಳು.

"ಗೊತ್ತು ಮಾವ. ಮೊದಲ ದಿನವೇ ಗೊತ್ತಾಯಿತು. ನಮ್ಮ ಊನಾ ನಿಮ್ಮ ಹೆಗಲ ಮೇಲೆ ಒಂದು ಗಳಿಗೆಯಾದರೂ ಸುಮ್ಮನೆ ಕೂತಿದ್ದಳೇ?"

ಹಾಗಾದರೆ ದಿನವೂ ಕೈ ಬೀಸಿದ್ದೇಕೆ ಎಂದು ಅವನು ಕೇಳಿದ. ನೀವು ನೀರಿಗೆ ಬಿದ್ದೀರೆಂದು ಹೆದರಿದೆ ಎಂದಳು ಅವಳು. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ಹನ್ನೆರಡು ದಿನ ಸುಳ್ಳು ಕೈ ಬೀಸಿದ್ದರು. ಆಮೇಲೆ ಅವಳು, ಯಾವಾಗ ಹೋದಳು ಎಂದು ಕೇಳಿದಳು. ಮುದುಕ ಅಲ್ಲಿ ಸುಳ್ಳು ಹೇಳಬಹುದಿತ್ತು. ಸಂಜೆ ಎನ್ನಬಹುದಿತ್ತು, ಮರುದಿನ ಎನ್ನಬಹುದಿತ್ತು. ಊರಿನಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಒಂಬತ್ತನೆಯ ಸಸಿಗೆ," ಎಂದ.

ಅವಳು ತಿರುಗಿ ನೀರಿನ ಕಡೆ ನೋಡಿದಳು. ಒಂಬತ್ತನೆಯ ಸಸಿ ಎಲ್ಲಿತ್ತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ನೀವು ಎಲ್ಲಿದ್ದಿರಿ ಎಂದಳು. ಇಲ್ಲೇ ಇದ್ದೆ ಎಂದ. ಕೂಗಿದ್ದರೆ ನನಗೆ ಕೇಳಿಸುತ್ತಿತ್ತು ಎಂದಳು. ಹೌದು, ಕೇಳಿಸುತ್ತಿತ್ತು ಎಂದ. ಅವಳು ಅವನ ಕೈಯಿಂದ ಶಾಲು ತೆಗೆದುಕೊಂಡಳು.

"ನೀವು ಕೂಗಿದ್ದರೆ ನಾನು ಬಂದುಬಿಡುತ್ತಿದ್ದೆ ಮಾವ."

ಅದು ಕ್ಷಮೆಯೋ ಆರೋಪವೋ ಅವನಿಗೆ ತಿಳಿಯಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ರೋರಿ ಕಾಡಿನಿಂದ ಮರಳಿದ. ಆಮೇಲೆ ಒಂಬತ್ತು ವರ್ಷ ಮಾವ ಸೊಸೆ ಇಬ್ಬರೂ ಒಂದೇ ಸೂರಿನಡಿ ಇದ್ದರು; ಅವಳು ಬಡಿಸಿದಳು, ಅವನು ಉಂಡ, ಚಳಿಗಾಲ ಬಂದಾಗ ಇಬ್ಬರೂ ಜೊತೆಯಾಗಿ ಸಸಿ ನೆಟ್ಟರು, ಜೊತೆಯಾಗಿ ಕಿತ್ತರು. ಸಾಯುವ ತನಕ ಅವನು ದಿಬ್ಬ ಹತ್ತಿದಾಗಲೆಲ್ಲ ಬಾಯಿಗೆ ಅಂಗೈ ಅಡ್ಡ ಹಿಡಿದೇ ನಿಲ್ಲುತ್ತಿದ್ದನಂತೆ. ಅವನನ್ನು ನೋಡಿ ನೋಡಿ ಊರವರೂ ಅಲ್ಲಿ ದನಿ ತಗ್ಗಿಸಿದರು. ಹೆಸರು ಯಾರೂ ಇಟ್ಟದ್ದಲ್ಲ, ತಾನಾಗಿ ಬಂತು ಎನ್ನುತ್ತಾರೆ.

ಬೇಸಿಗೆಯಲ್ಲಿ ಹೋದವರಿಗೆ ಅಲ್ಲಿ ಕಾಣುವುದು ಬರೀ ಕೆಂಪು ಮಣ್ಣು, ಗಾಳಿಗೆ ಬಾಗಿದ ಹುಲ್ಲು, ಅಷ್ಟೇ. ಫೆಬ್ರವರಿಯಲ್ಲಿ ಹೋಗಬೇಕು. ಈಗಿನ ಚಳಿಗಾಲಗಳು ಮೊದಲಿನಷ್ಟು ಗಟ್ಟಿಯಲ್ಲ, ಆದರೂ ಹೆಪ್ಪುಗಟ್ಟಿದ ವರ್ಷ ಆರ್ಡ್ರೋಯ್‌ನವರು ಸಸಿ ನೆಡುತ್ತಾರೆ. ಆ ಕೆಲಸ ಈಗ ಪೆಗಿಯ ಮನೆತನದ ಹೆಂಗಸರದು. ದಾಟಿ ಹೋಗುವವರು, ಶಾಲೆಗೆ ಹೋಗುವ ಮಕ್ಕಳಿರಲಿ, ಅಂಚೆಯವನಿರಲಿ, ಒಂಬತ್ತನೆಯ ಸಸಿ ದಾಟಿದ ಮೇಲೆ ನಿಂತು ಒಮ್ಮೆ ಹಿಂದೆ ತಿರುಗಿ ದಿಬ್ಬದ ಕಡೆ ನೋಡುತ್ತಾರೆ. ದಿಬ್ಬದ ಮೇಲೆ ಯಾರಾದರೂ ನಿಂತಿರುತ್ತಾರೆ. ಹೋಗಿ ಎಂದಾದರೆ ಕೈ ಬೀಸುತ್ತಾರೆ. ಹೋಗಬೇಡಿ, ಮನೆಯಲ್ಲಿ ಏನೋ ಆಗಿದೆ ಎಂದಾದರೆ ಬೀಸದೆ ಸುಮ್ಮನೆ ನಿಲ್ಲುತ್ತಾರೆ. ಆಗ ಹೋಗುತ್ತಿದ್ದವರು ಮನೆಗೆ ಮರಳುತ್ತಾರೆ.